ಮನೆಯ ಮುಂದಣ ಅಂಗಳಕ್ಕೆ ಏನು ಹಾಸೋಣ?

ಮನೆ ಕಟ್ಟುವವರಿಗೆ ಎಲ್ಲಕ್ಕಿಂತ ಕೊನೆಯಲ್ಲಿ ನೆನಪಾಗುವುದು ಅಂಗಳ. ಪಾಯ ತೆಗೆದ ದಿನದಿಂದ ಬಾಗಿಲಿನ ಮರ, ಕಿಟಕಿಯ ಸರಳು, ಅಡಿಗೆಮನೆಯ ಕಟ್ಟೆ, ದೇವರ ಮನೆಯ ದಿಕ್ಕು ಎಂದು ಒಂದೊಂದಕ್ಕೂ ವಾರಗಟ್ಟಲೆ ಚರ್ಚೆ ನಡೆಸಿದ ಕುಟುಂಬ, ಗೃಹಪ್ರವೇಶಕ್ಕೆ ಹತ್ತು ದಿನ ಉಳಿದಿರುವಾಗ ಗೇಟಿಗೂ ಮೆಟ್ಟಿಲಿಗೂ ನಡುವಣ ಕೆಸರನ್ನು ಕಂಡು ಬೆಚ್ಚಿಬೀಳುತ್ತದೆ. ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹಣ ಮುಗಿದಿರುತ್ತದೆ. ತಾಳ್ಮೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ಬಂದ ನೆಂಟರು ಕೆಸರು ತುಳಿದುಕೊಂಡು ಹೊಸ ಮನೆಯೊಳಕ್ಕೆ ಕಾಲಿಡುವುದೆ? ಮೇಸ್ತ್ರಿಗಳನ್ನು ಕೇಳಿದರೆ ಅವರ ಉತ್ತರ ಸಿದ್ಧವಾಗಿಯೇ ಇದೆ: “ಗೋಡೆಯಿಂದ ಗೋಡೆಗೆ ಹಾಕಿಸಿಬಿಡಿ ಸಾರ್, ನೀಟಾಗಿರುತ್ತೆ.” ಯಜಮಾನರು ತಲೆಯಾಡಿಸುತ್ತಾರೆ. ನಾಲ್ಕು ದಿನದಲ್ಲಿ ಮಣ್ಣು ಕಣ್ಮರೆಯಾಗುತ್ತದೆ. ಮೂವತ್ತು ವರ್ಷ ಅನುಭವಿಸಬೇಕಾದ ತೀರ್ಮಾನವೊಂದು ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ.

“ಮನೆ ಕಟ್ಟಿ ನೋಡು” ಎಂದು ಎಚ್ಚರಿಸಿದ ಹಿರಿಯರು ಅಂಗಳದ ಮಾತನ್ನು ಎತ್ತಲಿಲ್ಲ. ಎತ್ತಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಅವರ ಅಂಗಳ ಬಡಿದು ಗಟ್ಟಿಮಾಡಿದ ಮಣ್ಣಿನ ಅಂಗಳ. ಬೆಳಗ್ಗೆ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿಯಿಟ್ಟರೆ ಅದರ ಅಲಂಕಾರ ಮುಗಿಯಿತು. ಮಳೆ ಬಂದರೆ ಒಂದಿಷ್ಟು ನೀರು ನೆಲಕ್ಕಿಳಿಯುತ್ತಿತ್ತು. ಮಿಕ್ಕದ್ದು ಗಿಡದ ಬುಡಕ್ಕೋ ಹಿತ್ತಿಲ ಬಾವಿಯ ಕಡೆಗೋ ಹರಿಯುತ್ತಿತ್ತು. ಅನುಕೂಲವಂತರ ಮನೆಗಳಲ್ಲಿ ಬಾಗಿಲ ಮುಂದೆ ನಾಲ್ಕು ಕಲ್ಲು ಚಪ್ಪಡಿ. ಅದಕ್ಕಿಂತ ಹೆಚ್ಚಿನದನ್ನು ಅಂಗಳ ಬೇಡುತ್ತಿರಲಿಲ್ಲ.

ಅಂಗಳದ ಸ್ವರೂಪವನ್ನು ಬದಲಿಸಿದ್ದು ಕಾರು. ಸಣ್ಣ ಕಾರೊಂದು ಎಂಟು ಹತ್ತು ಕ್ವಿಂಟಲ್ ತೂಗುತ್ತದೆ. ದೊಡ್ಡ ಕಾರುಗಳು, ಬ್ಯಾಟರಿಯ ಭಾರ ಹೊತ್ತ ವಿದ್ಯುತ್ ಕಾರುಗಳು ಹದಿನೈದು ಇಪ್ಪತ್ತು ಕ್ವಿಂಟಲ್ ತೂಗುವುದುಂಟು. ಅಷ್ಟು ಭಾರವೂ ಅಂಗೈಗಿಂತ ಸ್ವಲ್ಪ ದೊಡ್ಡದಾದ ನಾಲ್ಕೇ ತಾಣಗಳ ಮೇಲೆ ಬೀಳುತ್ತದೆ. ಸಗಣಿ ಸಾರಿಸಿದ ನೆಲ ಇದನ್ನು ತಾಳಲಾರದು ಎಂಬುದು ನಿಜ. ಆದರೆ ನಾಲ್ಕು ಚಕ್ರಗಳಿಗೆ ಬೇಕಾದುದನ್ನು ಇಡೀ ಅಂಗಳಕ್ಕೆ ಹೊದಿಸಬೇಕೆ? ಯಾವ ಕಲ್ಲು, ಯಾವ ಬಣ್ಣ ಎಂದು ಅಂಗಡಿಗೆ ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಉತ್ತರಿಸಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಏನು ಹಾಸಬೇಕು ಎಂಬುದಕ್ಕಿಂತ ಎಷ್ಟನ್ನು ಹಾಸದೆ ಬಿಡಬೇಕು ಎಂಬುದು ದೊಡ್ಡ ಮಾತು.

ಎಷ್ಟು ಬಿಡಬೇಕು?

ಲೆಕ್ಕವೇನೂ ಕಠಿಣವಲ್ಲ, ಮಾಧ್ಯಮಿಕ ಶಾಲೆಯ ಮಕ್ಕಳೂ ಮಾಡಬಲ್ಲರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಯಿತು. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಅಂಗಳವೆಂದರೆ ಸುಮಾರು ಹದಿನೆಂಟೂವರೆ ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಅಂದರೆ ಆ ಪುಟ್ಟ ಅಂಗಳದ ಮೇಲೆ ವರ್ಷಕ್ಕೆ ಬೀಳುವ ನೀರು ಹತ್ತಿರ ಹತ್ತಿರ 18,000 ಲೀಟರ್. ಟ್ಯಾಂಕರ್ ಲೆಕ್ಕದಲ್ಲಿ ಹೇಳುವುದಾದರೆ 6,000 ಲೀಟರಿನ ಮೂರು ಟ್ಯಾಂಕರು. ಮೂವತ್ತು ನಲವತ್ತರ ಇಡೀ ನಿವೇಶನವನ್ನು ತೆಗೆದುಕೊಂಡರೆ ಈ ಮೊತ್ತ ಒಂದು ಲಕ್ಷ ಲೀಟರನ್ನು ದಾಟುತ್ತದೆ. ಗೋಡೆಯಿಂದ ಗೋಡೆಗೆ ಸಿಮೆಂಟು ಬಳಿದವರು ಇದರ ಬಹುಪಾಲನ್ನು ಗೇಟಿನ ಕೆಳಗಿನಿಂದ ಬೀದಿಗೆ ಕಳಿಸುತ್ತಾರೆ. ಬೇಸಿಗೆ ಬಂದಾಗ ಅದೇ ಗೇಟಿನ ಮುಂದೆ ಟ್ಯಾಂಕರಿಗಾಗಿ ಕಾಯುತ್ತಾರೆ.

ಇದು ಬರಿಯ ಮಾತಿನ ಚಮತ್ಕಾರವಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 131 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿ, ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಇನ್ನೂ ಎರಡು ವರ್ಷ ತುಂಬುವ ಮೊದಲೇ, 2024ರ ಬೇಸಿಗೆಯಲ್ಲಿ, ಅದೇ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿಹೋಗಿ ಬಿಂದಿಗೆಗಳ ಸಾಲು ನಿಂತವು. ನೆರೆಗೂ ಬರಕ್ಕೂ ಕಾರಣಗಳು ಹಲವು: ಮುಚ್ಚಿಹೋದ ರಾಜಕಾಲುವೆಗಳು, ಒತ್ತುವರಿಯಾದ ಕೆರೆಗಳು, ಕೈಕೊಟ್ಟ ಮುಂಗಾರು. ಇವೆಲ್ಲವನ್ನೂ ಒಬ್ಬ ಗೃಹಸ್ಥ ಸರಿಪಡಿಸಲಾರ. ಆದರೆ ಆ ರಾತ್ರಿ ಇನ್ನೂರು ಚದರಡಿಯ ಒಂದೊಂದು ಅಂಗಳದ ಮೇಲೂ ಬಿದ್ದ ನೀರು ಸುಮಾರು 2,400 ಲೀಟರ್. ಅದರಲ್ಲಿ ಎಷ್ಟನ್ನು ಬೀದಿಗೆ ಬಿಡಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿಯೇ ಇದ್ದ ವಿಷಯ. ನಾವು ಬಿಟ್ಟ ನೀರು ತಗ್ಗಿನಲ್ಲಿರುವ ಯಾರದೋ ಮನೆಯ ಹೊಸ್ತಿಲನ್ನು ದಾಟುತ್ತದೆ ಎಂಬುದನ್ನು ಮರೆಯಲಾಗದು.

ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪುಗಳ ಬಲದಿಂದ ಮೇಲಕ್ಕೇರಿ ಬೆಂಗಳೂರಿಗೆ ಬರುತ್ತದೆ. ಮಳೆಯ ನೀರಾದರೋ ಬಾಡಿಗೆಯಿಲ್ಲದೆ ಬಾಗಿಲಿಗೇ ಬರುತ್ತದೆ. 2009ರಲ್ಲಿ ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು, ಬೆಂಗಳೂರಿನಲ್ಲಿ ಮೂವತ್ತು ನಲವತ್ತು ಹಾಗೂ ಅದಕ್ಕೂ ದೊಡ್ಡ ನಿವೇಶನಗಳ ಹೊಸ ಮನೆಗಳಿಗೆ ಮಳೆನೀರಿನ ಕೊಯ್ಲನ್ನು ಕಡ್ಡಾಯಗೊಳಿಸಿದ್ದು ಈ ಕಾರಣದಿಂದಲೇ. ಮಾಳಿಗೆಯ ನೀರಿಗೆ ಕೊಳವೆ ಹಾಕಿ ಸಂಪಿಗೆ ತುಂಬಿಕೊಳ್ಳುವವರು, ಅಂಗಳದ ನೀರಿಗೆ ಒಂದಿಷ್ಟು ಬರಿಯ ನೆಲವನ್ನಾದರೂ ಉಳಿಸುವುದು ನ್ಯಾಯ.

ಅಂಗಳದಲ್ಲೋ ಕಾಂಪೌಂಡಿನ ಅಂಚಿನಲ್ಲೋ ಮರವಿದ್ದರೆ ಅದರ ಪಾಲನ್ನೂ ಮರೆಯಬಾರದು. ಬುಡದವರೆಗೂ ಸಿಮೆಂಟು ಮೆತ್ತಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ವಿಚಾರದಲ್ಲಿ, ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆದೇಶಿಸಿತು. ಆ ಅಳತೆಯನ್ನು ನಮ್ಮ ಮನೆಯ ತೆಂಗಿಗೂ ಹೊಂಗೆಗೂ ಅನ್ವಯಿಸಿಕೊಳ್ಳಲು ಯಾರ ಆದೇಶವೂ ಬೇಕಿಲ್ಲ.

ಕಣ್ಣಿಗೆ ಕಾಣದ ಕೆಲಸ

ಎರಡನೆಯ ಪ್ರಶ್ನೆ, ಹಾಸುವ ಕಡೆ ಅದರ ಕೆಳಗೆ ಏನಿರಬೇಕು ಎಂಬುದು. ಇಂದಿಗೂ ನಾವು ಬಳಸುವ ‘ಮೆಕಾಡಂ’ ಎಂಬ ಪದಕ್ಕೆ ಕಾರಣನಾದ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ ಸುಮಾರು ಇನ್ನೂರು ವರ್ಷಗಳ ಹಿಂದೆ ರಸ್ತೆ ಕಟ್ಟುವವರಿಗೆ ಒಂದು ಸರಳ ಸತ್ಯವನ್ನು ತಿಳಿಯಹೇಳಿದ: ಬಂಡಿಯ ಭಾರವನ್ನು ಹೊರುವುದು ಮೇಲಿನ ಕಲ್ಲಲ್ಲ, ಕೆಳಗಿನ ನೆಲ. ಮೇಲಿನ ಹಾಸಿನ ಮುಖ್ಯ ಕೆಲಸ ಆ ನೆಲವನ್ನು ಒಣಗಿರುವಂತೆ ಕಾಪಾಡುವುದು. ನಮ್ಮ ಅಂಗಳಗಳಲ್ಲಿ ಕುಸಿದ ಬಿಲ್ಲೆ, ಬಿರುಕುಬಿಟ್ಟ ಸಿಮೆಂಟು, ತುಳಿದಾಗ ಕೆಸರು ಕಾರುವ ಕಲ್ಲು ಇವುಗಳನ್ನು ಕಂಡಾಗ ನಾವು ಬೈಯುವುದು ಬಿಲ್ಲೆಯನ್ನು. ತಪ್ಪು ಸಾಮಾನ್ಯವಾಗಿ ಅದರ ಕೆಳಗಿರುತ್ತದೆ.

ಮನೆ ಕಟ್ಟುವಾಗ ಪಾಯದಿಂದ ತೆಗೆದ ಮಣ್ಣು, ಒಡೆದ ಇಟ್ಟಿಗೆ, ಗಾರೆಯ ಚೂರು, ಸಿಮೆಂಟಿನ ಚೀಲ ಎಲ್ಲವೂ ಅಂಗಳದಲ್ಲಿಯೇ ಹೂತುಹೋಗಿರುತ್ತವೆ. ಹೀಗೆ ತುಂಬಿದ ಮಣ್ಣು ಒಂದೆರಡು ಮಳೆಗಾಲದಲ್ಲಿ ಕುಗ್ಗಿ ಕೂರುತ್ತದೆ. ಅದರ ಮೇಲೆ ಎಷ್ಟೇ ಬೆಲೆಯ ಕಲ್ಲು ಹಾಸಿದರೂ ಅದೂ ಜೊತೆಗೆ ಕೂರುತ್ತದೆ. ಆದ್ದರಿಂದ ಸಡಿಲ ಮಣ್ಣನ್ನೂ ಕಸವನ್ನೂ ತೆಗೆಸಿ, ಪದರ ಪದರವಾಗಿ ನೀರು ಹಾಕಿ ಬಡಿಸಿ, ಮೇಲೆ ನಾಲ್ಕರಿಂದ ಆರು ಅಂಗುಲದಷ್ಟು ಜಲ್ಲಿ ತುಂಬಿ ಅದನ್ನೂ ಬಡಿಸಬೇಕು. ಬೆಂಗಳೂರು, ಮೈಸೂರು ಕಡೆಯ ಕೆಂಪುಮಣ್ಣಿಗೆ ಇಷ್ಟು ಸಾಕು. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯ ಎರೆಮಣ್ಣಿನ ಗುಣ ಬೇರೆ. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯ್ದೆರೆದು ಬಿರಿಯುತ್ತದೆ. ಅಲ್ಲಿ ಇನ್ನೂ ಆಳಕ್ಕೆ ತೆಗೆದು, ಗರಸು ತುಂಬಿ, ಆ ಬಳಿಕವೇ ಹಾಸಿನ ಯೋಚನೆ ಮಾಡತಕ್ಕದ್ದು.

ಜೊತೆಗೆ ಇಳಿಜಾರು. ಮೇಸ್ತ್ರಿಗಳು ಇದನ್ನು ‘ವಾಟ’ ಎನ್ನುತ್ತಾರೆ. ಹತ್ತಡಿಗೆ ಎರಡು ಅಂಗುಲದಷ್ಟಾದರೂ ವಾಟವಿದ್ದರೆ ನೀರು ನಿಲ್ಲದೆ ಹರಿಯುತ್ತದೆ. ನಿಂತ ನೀರಿನಲ್ಲಿ ಒಂದೇ ವಾರದಲ್ಲಿ ಸೊಳ್ಳೆ ಹುಟ್ಟುವುದೆಂಬುದನ್ನೂ, ಡೆಂಗೆ ಹರಡುವ ಸೊಳ್ಳೆಗೆ ಕೊಚ್ಚೆಗಿಂತ ತಿಳಿನೀರೇ ಪ್ರಿಯವೆಂಬುದನ್ನೂ ಮಕ್ಕಳಿರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ವಾಟ ಯಾವ ಕಡೆಗೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ನಿಶ್ಚಯಿಸಬೇಕು: ಮನೆಯ ಗೋಡೆಯಿಂದ ದೂರಕ್ಕೆ, ಬಿಟ್ಟ ಮಣ್ಣಿನ ಪಟ್ಟಿಯ ಕಡೆಗೆ, ಮಿಕ್ಕಿದ್ದು ಮಾತ್ರ ಮೋರಿಗೆ. ಗೋಡೆಗೆ ತಾಗಿದ ಎರಡು ಮೂರು ಅಡಿ ಜಾಗವನ್ನು ಮಾತ್ರ ನೀರಿಳಿಯದಂತೆ ಗಟ್ಟಿಯಾಗಿ ಹಾಸುವುದು ಲೇಸು. ಪಾಯದ ಬುಡದಲ್ಲಿ ನೀರಿಂಗಿದರೆ ಗೋಡೆಗೆ ತೇವವೇರುತ್ತದೆ.

ಮಟ್ಟದ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಹಳೆಯ ಹಾಸು ಕೆಟ್ಟಿತೆಂದು ಅದರ ಮೇಲೆಯೇ ಹೊಸದನ್ನು ಹಾಸುವುದು ಸುಲಭದ ದಾರಿ. ಆದರೆ ಪ್ರತಿಸಲವೂ ಅಂಗಳ ಎರಡು ಮೂರು ಅಂಗುಲ ಮೇಲೇರಿ, ಮೆಟ್ಟಿಲು ಮುಳುಗುತ್ತ ಬಂದು, ಕೊನೆಗೊಂದು ದಿನ ಮಳೆಯ ನೀರು ಅತಿಥಿಯಂತೆ ನೇರವಾಗಿ ಹಜಾರಕ್ಕೆ ಬರುತ್ತದೆ. ಇತ್ತ ಬೀದಿಗೆ ಡಾಂಬರು ಹಾಕಿದಾಗಲೆಲ್ಲ ಬೀದಿಯೂ ಮೇಲೇರುತ್ತಿರುತ್ತದೆ. ಹಳೆಯದನ್ನು ಕಿತ್ತೇ ಹೊಸದನ್ನು ಹಾಸಬೇಕು. ಒಪ್ಪಂದದಲ್ಲಿ ಅದನ್ನು ಬರೆಸಿಕೊಳ್ಳಬೇಕು.

ಕಲ್ಲಿನ ಕುಲಗೋತ್ರ

ಈಗ ಮೇಲಿನ ಹಾಸಿನ ಮಾತು. ಮೊದಲ ಮರ್ಯಾದೆ ನಮ್ಮ ಹಳೆಯ ಚಪ್ಪಡಿಗೆ ಸಲ್ಲಬೇಕು. ಲಾಲ್‌ಬಾಗಿನ ಗುಡ್ಡದ ಮೇಲೆ ಸಂಜೆ ಕುಳಿತಿದ್ದವರೆಲ್ಲರೂ ಆ ಕಲ್ಲನ್ನು ಬಲ್ಲರು. ಭೂವಿಜ್ಞಾನಿಗಳು ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟಿರುವ ಆ ಬಂಡೆಯ ವಯಸ್ಸು ಮುನ್ನೂರು ಕೋಟಿ ವರ್ಷ. ಬೆಂಗಳೂರಿನ ಸುತ್ತಮುತ್ತ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ಇದೂ ಇದರ ಬಂಧುವಾದ ಗ್ರಾನೈಟೂ. ಉಳಿಯಿಂದ ಕೆತ್ತಿದ ಒರಟು ಮುಖದ ಚಪ್ಪಡಿ ಬಿಸಿಲಿಗೆ ಬಾಡದು, ಮಳೆಗೆ ಕರಗದು, ಕಾರಿನ ಎಣ್ಣೆ ತೊಟ್ಟಿಕ್ಕಿದರೂ ಸುಲಭವಾಗಿ ಕೆಡದು. ಮನೆ ಹಳೆಯದಾದರೂ ಚಪ್ಪಡಿ ಹಳೆಯದಾಗುವುದಿಲ್ಲ. ಕಿತ್ತು ಇನ್ನೊಂದು ಮನೆಗೆ ಒಯ್ಯಲೂಬಹುದು. ಸಾಕಷ್ಟು ದಪ್ಪವಿರಲಿ, ಕೆಳಗೆ ಟೊಳ್ಳು ಉಳಿಯದೆ ಮೈಯೆಲ್ಲ ನೆಲಕ್ಕೆ ಕೂತಿರಲಿ. ಆದರೆ ಹೊಳಪು ಕೊಟ್ಟ ಗ್ರಾನೈಟನ್ನು ಹೊರಗೆ ಹಾಸುವುದು ಎಂದಿಗೂ ಕೂಡದು. ಅದರ ಮಾತು ಮುಂದೆ ಬರುತ್ತದೆ.

ಶಹಾಬಾದ್, ಕಡಪ, ತಾಂಡೂರು ಎಂಬ ಮೂರು ಹೆಸರುಗಳು ಕಲ್ಲಿನ ಅಂಗಡಿಗಳಲ್ಲಿ ಕಿವಿಗೆ ಬೀಳುತ್ತವೆ. ಮೊದಲನೆಯದು ನಮ್ಮ ಕಲಬುರಗಿ ಜಿಲ್ಲೆಯದು, ಎರಡನೆಯದು ಆಂಧ್ರದ್ದು, ಮೂರನೆಯದು ತೆಲಂಗಾಣದ್ದು. ಊರು ಬೇರೆಯಾದರೂ ಕುಲ ಒಂದೇ: ಮೂರೂ ಸುಣ್ಣದ ಕಲ್ಲುಗಳು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಡುವುದರಿಂದ ಇವನ್ನು ಸೀಳುವುದು ಸುಲಭ. ಅದರಿಂದ ಬೆಲೆಯೂ ಮಿತ. ಗುಣದೊಡನೆ ದೋಷವೂ ಅಲ್ಲಿಯೇ ಇದೆ. ತೆಳುವಾದ ಹಲಗೆ ಕಾರಿನ ಚಕ್ರದಡಿ ಬಿರುಕುಬಿಟ್ಟು ಪದರ ಕಳಚುತ್ತದೆ. ಸುಣ್ಣದ ಕಲ್ಲಿಗೆ ಹುಳಿ ಆಗದು: ನಿಂಬೆಯ ರಸ, ಹುಣಿಸೆಯ ನೀರು, ಅದಕ್ಕಿಂತ ಹೆಚ್ಚಾಗಿ ತೊಳೆಯಲೆಂದು ಸುರಿಯುವ ಆಸಿಡ್ ಇವು ಅದರ ಮೈಯನ್ನು ತಿನ್ನುತ್ತವೆ. ಕಪ್ಪು ಕಡಪ ಬಿಸಿಲಲ್ಲಿ ಕಾದ ಹೆಂಚಾಗುತ್ತದೆ; ಮಧ್ಯಾಹ್ನ ಬರಿಗಾಲಿನಲ್ಲಿ ದಾಟಿದವರಿಗೆ ಇದು ಗೊತ್ತು. ನಡೆಯುವ ದಾರಿಗೆ, ಹಿತ್ತಿಲಿಗೆ ಶಹಾಬಾದ್ ಒಳ್ಳೆಯದೇ. ಕಾರಿನ ಜಾಗಕ್ಕೆ ಅಲ್ಲ.

ಕರಾವಳಿಯ ಓದುಗರು ಕೆಂಪುಕಲ್ಲನ್ನು ಏಕೆ ಬಿಟ್ಟಿರಿ ಎಂದು ಕೇಳಬಹುದು. ದಕ್ಷಿಣ ಕನ್ನಡದವರು ಮುರಕಲ್ಲೆಂದೂ, ಬೇರೆ ಕಡೆಯವರು ಜಂಬಿಟ್ಟಿಗೆಯೆಂದೂ ಕರೆಯುವ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. ಟಿಪ್ಪುವಿನ ಪತನದ ಬಳಿಕ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಅವನು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇದನ್ನು ವರ್ಣಿಸಿದ್ದಾನೆ. ನೆಲದಿಂದ ತೆಗೆಯುವಾಗ ಮೆದುವಾಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುವುದು ಇದರ ವಿಶೇಷ. ಗೋಡೆಗೆ ಇದರಷ್ಟು ಚೆಂದ ಇನ್ನೊಂದಿಲ್ಲ. ಅಂಗಳಕ್ಕೆ ಹಾಸಿದರೆ ತೂತುಗಳಲ್ಲಿ ನೀರು ಹಿಡಿದು ಆಷಾಢಕ್ಕೆಲ್ಲ ಪಾಚಿ ಕಟ್ಟುತ್ತದೆ. ಚಕ್ರದ ಉಜ್ಜುವಿಕೆಗೆ ಸವೆಯುತ್ತದೆ. ಆ ಸೀಮೆಯ ಜನ ಮಳೆಗಾಲದಲ್ಲಿ ಅಂಗಳ ಜಾರದಿರಲೆಂದು ಅಡಕೆಮರದ ದಬ್ಬೆಗಳನ್ನು ಹಾಸಿ ಅದರ ಮೇಲೆ ನಡೆಯುವುದು ಅನುಭವದಿಂದ ಬಂದ ಜಾಣ್ಮೆ.

ಸಿಮೆಂಟಿನ ಸಂತಾನ

ಒಂದೇ ಹಾಸಾಗಿ ಸುರಿಯುವ ಕಾಂಕ್ರೀಟು ಗಟ್ಟಿ, ಸಮತಟ್ಟು. ಗಾಲಿಕುರ್ಚಿಗೂ ಮಗುವಿನ ತಳ್ಳುಗಾಡಿಗೂ ಅನುಕೂಲ. ನಾಲ್ಕು ಅಂಗುಲ ದಪ್ಪವಿದ್ದು, ಕನಿಷ್ಠ ಒಂದು ವಾರ ಬಿಡದೆ ನೀರುಣಿಸಿ, ಅಲ್ಲಲ್ಲಿ ಗೀರು ಸಂದುಗಳನ್ನು ಬಿಟ್ಟಿದ್ದರೆ ಬಹುಕಾಲ ಬಾಳುತ್ತದೆ. ಆದರೆ ಒಂದು ಹನಿಯನ್ನೂ ಕೆಳಕ್ಕೆ ಬಿಡದು. ಕೆಳಗೆ ಹೂತ ಕೊಳವೆ ಒಡೆದ ದಿನ ಯಂತ್ರ ತಂದು ಅಗೆಯಬೇಕು. ಆಮೇಲಿನ ತೇಪೆ ಆಯುಷ್ಯಪೂರ್ತಿ ತೇಪೆಯಾಗಿಯೇ ಕಾಣುತ್ತದೆ.

ಈಗ ಹೆಚ್ಚಿನ ಪ್ರಚಾರದಲ್ಲಿರುವುದು ಒಂದಕ್ಕೊಂದು ಕಚ್ಚಿಕೊಳ್ಳುವ ಸಿಮೆಂಟು ಬಿಲ್ಲೆಗಳು, ಅಂದರೆ ಇಂಟರ್‌ಲಾಕ್. ಎರಡನೆಯ ಮಹಾಯುದ್ಧದ ಬಳಿಕ, ಬೀದಿಗೆ ಹಾಸುವ ಇಟ್ಟಿಗೆ ಸಾಲದೆ ಹೋದಾಗ ಹಾಲೆಂಡಿನವರು ಕಾಂಕ್ರೀಟಿನ ಬಿಲ್ಲೆಗಳನ್ನು ಬಳಕೆಗೆ ತಂದರು. ಇವುಗಳ ದೊಡ್ಡ ಗುಣವೆಂದರೆ, ಬೇಕೆಂದಾಗ ಎಬ್ಬಿಸಿ, ಕೊಳವೆ ಸರಿಪಡಿಸಿ, ಮತ್ತೆ ಅದೇ ಬಿಲ್ಲೆಗಳನ್ನು ಕೂರಿಸಬಹುದು. ಆದರೆ ದಪ್ಪದ ವಿಷಯದಲ್ಲಿ ಮೋಸ ಹೋಗಬಾರದು. 2006ರಲ್ಲಿ ಹೊರಟ ಭಾರತೀಯ ಮಾನಕ ಐ.ಎಸ್. 15658ರ ಪ್ರಕಾರ 50 ಮಿಲಿಮೀಟರಿನ ಬಿಲ್ಲೆ ವಾಹನ ಸಂಚಾರವಿಲ್ಲದ ಕಡೆಗೆ. ಕಾರು ನಿಲ್ಲುವಂಥ ಹಗುರ ಸಂಚಾರದ ಜಾಗಕ್ಕೆ 60. ಅದಕ್ಕೂ ಹೆಚ್ಚಿನ ಸಂಚಾರಕ್ಕೆ 80. ಅಂಗಡಿಯಲ್ಲಿ ಒಂದು ಬಿಲ್ಲೆಯನ್ನು ಕೈಗೆತ್ತಿಕೊಂಡು ಅಳತೆಪಟ್ಟಿ ಇಟ್ಟು ನೋಡುವುದಕ್ಕೆ ನಾಚಿಕೆಪಡಬೇಕಾಗಿಲ್ಲ.

ಬಿಲ್ಲೆಗಳು ಸರಿಯಬಾರದೆಂದರೆ ಸುತ್ತಲೂ ಗಟ್ಟಿಯಾದ ಅಂಚುಕಟ್ಟು ಬೇಕು. ಕೆಳಗೆ ಬಡಿದ ಜಲ್ಲಿ, ಅದರ ಮೇಲೆ ಒಂದರಿಂದ ಒಂದೂವರೆ ಅಂಗುಲ ಮರಳು, ಸಂದುಗಳಲ್ಲಿ ನಯವಾದ ಮರಳು: ಇದು ಕ್ರಮ. ಸಂದುಗಳಿಗೆ ಸಿಮೆಂಟು ತುಂಬಿದರೆ, ಅಥವಾ ಕೆಳಗೆ ಕಾಂಕ್ರೀಟು ಸುರಿದು ಅದರ ಮೇಲೆ ಬಿಲ್ಲೆ ಅಂಟಿಸಿದರೆ, ಎಬ್ಬಿಸುವ ಅನುಕೂಲವೂ ಹೋಯಿತು, ಅಲ್ಪಸ್ವಲ್ಪ ನೀರಿಳಿಯುವ ದಾರಿಯೂ ಹೋಯಿತು. “ಬಿಲ್ಲೆ ಹಾಕಿದ್ದೇವೆ, ನೀರೆಲ್ಲ ಇಂಗುತ್ತದೆ” ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಒಂದೆರಡು ವರ್ಷದಲ್ಲಿ ಸಂದುಗಳಿಗೆ ಧೂಳು ಕೂತು, ಬಿರುಮಳೆಯ ನೀರಿನ ಬಹುಭಾಗ ಮೇಲೆಯೇ ಹರಿದುಹೋಗುತ್ತದೆ.

ನಡುವೆ ತೂತುಗಳಿರುವ ಹುಲ್ಲಿನ ಬಿಲ್ಲೆಗಳು ನೀರಿಗೆ ನಿಜವಾಗಿ ದಾರಿ ಬಿಡುತ್ತವೆ. ಆದರೆ ಹಗಲೆಲ್ಲ ಕಾರು ನಿಂತಿರುವಲ್ಲಿ ಬಿಸಿಲಿಲ್ಲದೆ ಹುಲ್ಲು ಸಾಯುತ್ತದೆ; ಅಂಥಲ್ಲಿ ತೂತುಗಳಿಗೆ ಸಣ್ಣ ಜಲ್ಲಿ ತುಂಬುವುದೇ ವಾಸಿ. ಬರಿಯ ಜಲ್ಲಿ ಹರಡಿದ ಅಂಗಳ ಎಲ್ಲಕ್ಕಿಂತ ಅಗ್ಗ, ನೀರಿಗೂ ಉತ್ತಮ. ಆದರೆ ಅಂಚುಕಟ್ಟಿಲ್ಲದಿದ್ದರೆ ಕಲ್ಲು ಬೀದಿಗೆ ಚೆಲ್ಲುತ್ತದೆ, ಎಲೆ ಬಿದ್ದರೆ ಗುಡಿಸುವುದು ಕಷ್ಟ, ಊರುಗೋಲು ಹಿಡಿದವರಿಗೆ ಅದು ಶತ್ರು.

ಇನ್ನು ‘ಪಾರ್ಕಿಂಗ್ ಟೈಲ್ಸ್’. ಬಣ್ಣ ಬಣ್ಣದ ನಕ್ಷೆಗಳಿಂದ ಅಂಗಡಿಯಲ್ಲಿ ಮನಸೆಳೆಯುವವು ಇವೇ. ಇವುಗಳ ಶಕ್ತಿಯೆಲ್ಲ ಕೆಳಗಿನ ಕಾಂಕ್ರೀಟಿನ ಮೇಲೂ, ಅಂಟಿಸಿದವರ ಪ್ರಾಮಾಣಿಕತೆಯ ಮೇಲೂ ನಿಂತಿದೆ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆಯಿಟ್ಟು ಕೂರಿಸಿದ ಟೈಲು, ತಟ್ಟಿದರೆ ಮಡಕೆಯಂತೆ ಸದ್ದು ಮಾಡುತ್ತದೆ. ಕಾರು ಹತ್ತಿದ ದಿನ ಒಡೆಯುತ್ತದೆ. ಹಣದ ಕೊನೆಯ ಕಂತು ಕೊಡುವ ಮುನ್ನ ನಾಣ್ಯದಿಂದ ಒಂದೊಂದು ಟೈಲನ್ನೂ ತಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಅಂಗಳ ಯಾರದು?

ಹಾಸಿನ ಆಯ್ಕೆಯಲ್ಲಿ ಮನೆಯೊಳಗೆ ಮಾತು ನಡೆಯುವಾಗ ಕಾರಿನ ಪರವಾಗಿ ಮಾತಾಡುವವರು ಯಾವಾಗಲೂ ಇರುತ್ತಾರೆ. ಕಾಲಿನ ಪರವಾಗಿ ಮಾತಾಡುವವರು ಕಡಿಮೆ. ಕಾರು ದಿನಕ್ಕೆರಡು ಬಾರಿ ಅಂಗಳವನ್ನು ದಾಟಿದರೆ ಅಜ್ಜಿ ಹತ್ತು ಬಾರಿ ದಾಟುತ್ತಾರೆ: ಹೂ ಬಿಡಿಸಲು, ಹಾಲು ತೆಗೆದುಕೊಳ್ಳಲು, ತುಳಸಿಗೆ ನೀರೆರೆಯಲು. ನಯವಾದ ನೆಲ, ಅದರ ಮೇಲೆ ಒಂದು ತೆಳ್ಳನೆಯ ನೀರಿನ ಪೊರೆ, ಸವೆದ ಚಪ್ಪಲಿ ಈ ಮೂರೂ ಸೇರಿದರೆ ಸಾಕು. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಆಮೇಲೆ ಆ ಮನೆಯ ಬದುಕು ಹೇಗೆ ಬದಲಾಗುತ್ತದೆಂಬುದನ್ನು ಕಂಡವರು ಹೊಳಪಿನ ಮೋಹವನ್ನು ಬಿಡುತ್ತಾರೆ. ಆದ್ದರಿಂದ ಮಾದರಿಯ ತುಂಡೊಂದನ್ನು ಮನೆಗೆ ತನ್ನಿರಿ. ಅದರ ಮೇಲೆ ನೀರು ಸುರಿದು, ಸೋಪಿನ ನೀರನ್ನೂ ಸುರಿದು, ಗಟ್ಟಿಯಾಗಿ ಏನನ್ನಾದರೂ ಹಿಡಿದುಕೊಂಡು ಕಾಲಿನಿಂದ ಉಜ್ಜಿ ನೋಡಿರಿ. ಜಾರಿದರೆ, ಅದರ ಬಣ್ಣ ಎಷ್ಟು ಚೆಂದವಾದರೂ ಅಂಗಡಿಗೆ ಹಿಂದಿರುಗಿಸಿರಿ.

ಮನೆಯಾಕೆಗೆ ರಂಗೋಲಿಯ ಜಾಗ ಬೇಕು. ಮಕ್ಕಳಿಗೆ ಆಡಲು ಸಮತಟ್ಟಾದ ಒಂದಿಷ್ಟು ನೆಲ ಬೇಕು. ಇವೆಲ್ಲಕ್ಕೂ ಒಂದೇ ಬಗೆಯ ಹಾಸು ಹುಡುಕುವುದರಿಂದಲೇ ನಾವು ಸೋಲುತ್ತೇವೆ. ಅಂಗಳವನ್ನು ಹಂಚಿಕೊಟ್ಟರೆ ಎಲ್ಲರಿಗೂ ಅವರವರ ಪಾಲು ದೊರೆಯುತ್ತದೆ.

ಹತ್ತಡಿ, ಇಪ್ಪತ್ತಡಿಯ ಅದೇ ಅಂಗಳವನ್ನು ಮತ್ತೆ ತೆಗೆದುಕೊಳ್ಳೋಣ. ಕಾರಿನ ಚಕ್ರಗಳು ಓಡುವ ಕಡೆ ಎರಡೆರಡು ಅಡಿ ಅಗಲದ ಎರಡು ಕಲ್ಲಿನ ಪಟ್ಟಿಗಳು ಗೇಟಿನಿಂದ ಒಳಗಿನವರೆಗೆ: ಒಟ್ಟು 80 ಚದರಡಿ. ಗೇಟಿನಿಂದ ಮೆಟ್ಟಿಲಿಗೆ ನಡೆದುಬರಲು ಒಂದು ಪಟ್ಟಿಯನ್ನು ಮೂರಡಿಗೆ ಅಗಲಿಸಿದರೆ ಇನ್ನು 20. ಬಾಗಿಲ ಮುಂದೆ ಐದಡಿ ಚೌಕದ ಚಪ್ಪಡಿ ರಂಗೋಲಿಗೆ: 25. ಗೋಡೆಯ ಪಕ್ಕದ ಗಟ್ಟಿ ಹಾಸಿಗೆ ಮತ್ತೊಂದು 20. ಎಲ್ಲ ಸೇರಿ 145 ಚದರಡಿ. ಉಳಿದ 55 ಚದರಡಿ, ಅಂದರೆ ಕಾಲುಭಾಗಕ್ಕೂ ಹೆಚ್ಚು, ಮಣ್ಣಿಗೆ. ಚಕ್ರಗಳ ನಡುವಣ ಪಟ್ಟಿಗೆ ಜಲ್ಲಿ. ಕಾಂಪೌಂಡಿನ ಬದಿಗೆ ಗಿಡ. ಕಲ್ಲಿನ ವಾಟವೆಲ್ಲ ಆ ಮಣ್ಣಿನ ಕಡೆಗೆ ಇದ್ದರೆ, ಸಾಧಾರಣ ಮಳೆಯ ನೀರಿನ ಬಹುಪಾಲು ಅಲ್ಲಿಯೇ ಇಂಗುತ್ತದೆ. ಹಾಸುವ ಜಾಗ ಕಡಿಮೆಯಾದ್ದರಿಂದ ಉಳಿದ ಹಣದಲ್ಲಿ ಒಂದು ಇಂಗುಗುಂಡಿಯನ್ನೂ ತೋಡಿಸಬಹುದು. ಆದರೆ ಕಾರಿನ ಎಣ್ಣೆ ಬೆರೆತ ನೀರನ್ನು ನೇರವಾಗಿ ಅದಕ್ಕೆ ಬಿಡಬಾರದು. ಮಾಳಿಗೆಯ ನೀರನ್ನು ಸೋಸಿ ಬಿಡುವುದು ಕ್ಷೇಮ.

ಈಗಾಗಲೇ ಪೂರ್ತಿ ಹಾಸಿಬಿಟ್ಟವರು ನಿರಾಶರಾಗಬೇಕಾಗಿಲ್ಲ. ಬಿಲ್ಲೆಗಳಾದರೆ ಕಾಂಪೌಂಡಿನ ಬದಿಯ ಎರಡು ಸಾಲನ್ನು ಎಬ್ಬಿಸಿ ಗಿಡ ನೆಡಬಹುದು. ಕಾಂಕ್ರೀಟಾದರೆ ಒಂದೂವರೆ ಅಡಿ ಅಗಲದ ಪಟ್ಟಿಯನ್ನು ಕೊರೆಸಿ ತೆಗೆಸಬಹುದು. ಒಂದೇ ದಿನದ ಕೆಲಸ.

ಕೊನೆಯದಾಗಿ, ಕಂಟ್ರಾಕ್ಟರರೊಡನೆ ಮಾತಾಡುವಾಗ ಚದರಡಿಗೆ ಎಷ್ಟು ಎಂಬ ಒಂದೇ ಪ್ರಶ್ನೆ ಸಾಲದು. ಹಳೆಯದನ್ನು ಕೀಳುವುದು ಆ ದರದಲ್ಲಿ ಸೇರಿದೆಯೆ? ಕೆಳಗೆ ಎಷ್ಟು ಅಂಗುಲ ಜಲ್ಲಿ? ಬಿಲ್ಲೆಯ ದಪ್ಪ ಎಷ್ಟು? ಅಂಚುಕಟ್ಟು ಉಂಟೆ? ವಾಟ ಯಾವ ಕಡೆಗೆ? ಈ ಐದಕ್ಕೂ ಉತ್ತರವನ್ನು ಕಾಗದದ ಮೇಲೆ ಪಡೆಯಿರಿ. ಕೆಲಸ ಮುಗಿದ ದಿನ ನಾಲ್ಕು ಬಕೆಟ್ ನೀರನ್ನು ಮೆಟ್ಟಿಲ ಬಳಿ ಸುರಿದು, ಅದು ಯಾವ ಕಡೆಗೆ ಹೋಗುತ್ತದೆಂದು ನಿಂತು ನೋಡಿರಿ. ಗಿಡದ ಬುಡಕ್ಕೆ ಹೋದರೆ ಹಣ ಕೊಡಿರಿ. ಹೊಸ್ತಿಲ ಕಡೆಗೋ ಬೀದಿಗೋ ಓಡಿದರೆ, ಅವರು ಇನ್ನೂ ಗುದ್ದಲಿ ಕೆಳಗಿಡುವ ಹೊತ್ತಾಗಿಲ್ಲ.